ಎತ್ತಿದರೆ ಬಾರದ ಪ್ರತಿಮೆ

ಜನವರಿ ಕೊನೆ ಬಂತೆಂದರೆ ಕಾರ್ಕಳದ ಸುತ್ತಿನವರಿಗೆ ಅತ್ತೂರು ಸಾಂತ್‌ಮಾರಿ, ಅಲ್ಲಿನ ಸಂತ ಲಾರೆನ್ಸರ ಇಗರ್ಜಿಯ (ಚರ್ಚಿನ) ವರ್ಷದ ಹಬ್ಬ. ನಾವು ಕ್ರೈಸ್ತರು ಮಾತ್ರವಲ್ಲ, ಎಲ್ಲ ಜಾತಿ ಮತದವರೂ ಬಂದು ಸಂತ ಲಾರೆನ್ಸರಿಗೆ ಮೇಣದಬತ್ತಿ ಹಚ್ಚಿ, ಪುಷ್ಕರಿಣಿಯ ನೀರನ್ನು ಬಾಟಲಿಗೆ ತುಂಬಿಸಿಕೊಂಡು, ಮಿಠಾಯಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ನಾನೂ ಸಣ್ಣಂದಿನಿಂದ ಹೋಗುವವಳೇ. ಹೋದ ಸಲ ಮಾತ್ರ ಹರಕೆ ಹೇಳಿಕೊಂಡು ಹೋಗಿದ್ದೆ. ಮಗಳು ನರ್ಸಿಂಗ್ ಮುಗಿಸಿ ಕುವೈತಿಗೆ ಹೊರಟು ನಿಂತಿದ್ದಳು. ನನಗೋ ಅವಳು ಮಂಗಳೂರಲ್ಲೇ ಇರಬೇಕು, ವಾರಕ್ಕೊಮ್ಮೆ ಮನೆಗೆ ಬರಬೇಕು. ವೀಸಾ ಆಗದೇ ಇರಲಿ, ಅವಳೆತ್ತರದ ಮೇಣದಬತ್ತಿ ಕೊಡುತ್ತೇನೆ ಅಂತ ಅವಳಿಗೆ ಗೊತ್ತಾಗದ ಹಾಗೆ ಹೇಳಿಕೊಂಡಿದ್ದೆ.

ಸಾಲು ಉದ್ದ ಇತ್ತು. ನಿಂತು ನಿಂತು ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಮಡಿದ ಮೇಲೆ ಜೀವ ಉಳಿದವರು ಊರಿಗೆ ಮರಳಿದರು. ಮುಂದೆ ಊರವರಿಗೆ ಹೊಸ ಇಗರ್ಜಿ ಬೇಕಾಯಿತು. ಜಾಗ ಹುಡುಕಲು ಗುರುಗಳ ಜೊತೆ ನಾಲ್ಕು ಜನ ಸಂತರ ಸಣ್ಣ ಮರದ ಪ್ರತಿಮೆ ಹಿಡಿದು ಹೊರಟರಂತೆ. ಗುಡ್ಡ ಇಳಿದು ಬಂದಾಗ ಬಾಯಾರಿಕೆ. ಒರತೆಯ ಪಕ್ಕ ಪ್ರತಿಮೆ ಇಟ್ಟು ನೀರು ಕುಡಿದರು. ಹೊರಡೋಣವೆಂದು ಎತ್ತಿದರೆ ಪ್ರತಿಮೆ ನೆಲ ಬಿಟ್ಟು ಏಳಲಿಲ್ಲ. ಎಷ್ಟು ಎಳೆದರೂ ಇಲ್ಲ. ಕಡೆಗೆ ಗುರುಗಳು ಮೊಣಕಾಲೂರಿ, ಇಗರ್ಜಿ ಇಲ್ಲೇ ಕಟ್ಟುತ್ತೇವೆ ಅಂದ ಮೇಲೆ ಹಗುರವಾಗಿ ಕೈಗೆ ಬಂತಂತೆ. ಅಲ್ಲೇ ಇಗರ್ಜಿ ಎದ್ದಿತು. ಅದೇ 2016ರಲ್ಲಿ ಬಸಿಲಿಕಾ, ಅಂದರೆ ಪೋಪರ ವಿಶೇಷ ಮನ್ನಣೆ ಪಡೆದ ಇಗರ್ಜಿ, ಆಯಿತು.

ಆಗೆಲ್ಲ ನನ್ನ ಕಣ್ಣು ಪವಾಡದ ಮೇಲೆ. ಈಗ ಕಾಡುವುದು ಎಳೆದವರ ವಿಷಯ. ಎಷ್ಟು ಹೊತ್ತು ಎಳೆದರೋ? ಅಜ್ಜಿ ಹೇಳಿರಲಿಲ್ಲ. ಅವರ ಮನಸ್ಸಿನಲ್ಲಿ ಬೇರೆ ಯಾವುದೋ ಜಾಗ ಇದ್ದಿರಬೇಕು, ದಾರಿ ಬದಿಯದು, ಇದಕ್ಕಿಂತ ಅನುಕೂಲದ್ದು. "ಇನ್ನೊಂದು ಸಲ ಎಳೆದು ನೋಡುವ" ಅಂದವನೊಬ್ಬ ಆ ಗುಂಪಿನಲ್ಲಿ ಇದ್ದೇ ಇದ್ದ. ನಾನು ಅವನ ಕುಲದವಳು.

ದಿನಾ ಬೆಳಿಗ್ಗೆ "ನಿಮ್ಮ ಚಿತ್ತ ನೆರವೇರಲಿ" ಅನ್ನುತ್ತೇನೆ, ಕುಕ್ಕರಿನ ಸೀಟಿ ಎಣಿಸುತ್ತ. ಆಮೇಲೆ ಇಡೀ ದಿನ ಹೇಳುವುದು ನನ್ನ ಚಿತ್ತವನ್ನೇ. ಸೊಸೈಟಿಯ ಸಾಲ ಇಂಥ ತಿಂಗಳೇ ಸಿಗಲಿ, ನೆರೆಯವರು ಬೇಲಿ ಸರಿಸಲಿ, ಮಗಳು ಹೋಗದಿರಲಿ. ಬೇಡುವುದೇ ತಪ್ಪು ಅಂತ ನನಗೇನೂ ಅನ್ನಿಸುವುದಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಮೊದಲು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟರು: ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ. "ನನ್ನ ಇಷ್ಟದಂತಲ್ಲ" ಅನ್ನುವ ಮಾತು ಆಮೇಲಿನದು. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು ಅನ್ನುತ್ತದೆ ಮತ್ತಾಯನ ಸುವಾರ್ತೆ. ಮರಿಯಮ್ಮನೂ ಯೇಸುವಿನ ತಾಯಿಯಾಗಲು ಒಪ್ಪುವ ಮೊದಲು "ಇದು ಹೇಗಾದೀತು?" ಅಂತ ದೂತನನ್ನು ಕೇಳಿದವರೇ. ಹಾಗಿರುವಾಗ ಸಾವಿನ ಮನೆಗೆ ಹೋಗಿ, ಅಳುವವರ ಬಾಯಿಗೆ ಬಟ್ಟೆ ತುರುಕಿದ ಹಾಗೆ "ಎಲ್ಲ ದೇವರ ಚಿತ್ತ" ಅಂದುಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ತಪ್ಪು ಬೇರೆಯದು. ಮಗಳ ಜೊತೆ ಕುಳಿತು ಆಡಬೇಕಾದ ಜಗಳವನ್ನು ನಾನು ಸಂತರ ಕೈಗೆ ಕೊಟ್ಟಿದ್ದೆ. ಅವರನ್ನು ನನ್ನ ಕಡೆಯ ವಕೀಲರನ್ನಾಗಿ ಮಾಡಿಕೊಂಡಿದ್ದೆ, ಫೀಸು ಒಂದು ಮೇಣದಬತ್ತಿ. ಆ ಲಾರೆನ್ಸರಾದರೂ ಎಂಥವರು! 258ರಲ್ಲಿ ರೋಮಿನ ಅಧಿಕಾರಿ ಇಗರ್ಜಿಯ ಸಂಪತ್ತು ತಂದೊಪ್ಪಿಸು ಅಂದಾಗ ಇದ್ದುದನ್ನೆಲ್ಲ ಹಂಚಿ, ಬಡವರನ್ನು ಕರೆದುಕೊಂಡು ಹೋಗಿ "ಇವರೇ ನಮ್ಮ ಸಂಪತ್ತು" ಅಂದರಂತೆ. ಇಟ್ಟುಕೊಳ್ಳುವುದು ಗೊತ್ತಿಲ್ಲದವರ ಹತ್ತಿರ ಹೋಗಿ, ಮಗಳನ್ನು ನನಗೇ ಇಟ್ಟುಕೊಡಿ ಅನ್ನುವುದು ಹೇಗೆ? ಸಾಲಿನಲ್ಲಿ ನಿಂತೇ ನಗು ಬಂತು. ಹಿಂದಿದ್ದ ಹೆಂಗಸು ನನ್ನನ್ನು ಒಂಥರಾ ನೋಡಿದಳು.

ಪ್ರತಿಮೆಯ ಮುಂದೆ ನಿಂತಾಗ ನನ್ನ ಬೇಡಿಕೆ ಹೇಳಿದ್ದು ಹೌದು, ಸುಳ್ಳು ಹೇಳುವುದಿಲ್ಲ. ಆಮೇಲೆ, ಅರ್ಧ ಮನಸ್ಸಿನಲ್ಲೇ, ಇನ್ನೊಂದು ಮಾತನ್ನೂ ಸೇರಿಸಿದೆ. ಮೇಣದಬತ್ತಿಯನ್ನು ಅಲ್ಲೇ ಒಪ್ಪಿಸಿದೆ. ವೀಸಾ ಆಗದಿದ್ದರೆ ಕೊಡುತ್ತೇನೆ ಅಂದದ್ದನ್ನು ಮೊದಲೇ ಕೊಟ್ಟಾಗಿತ್ತು, ಇನ್ನು ಚೌಕಾಸಿಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ರಾತ್ರಿ ಮಗಳಿಗೆ ಹರಕೆಯ ವಿಷಯ ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಇಬ್ಬರೂ ಕುಳಿತು ಸರಿಯಾಗಿ ಜಗಳ ಆಡಿದೆವು.

ಅವಳೀಗ ಕುವೈತಿನಲ್ಲಿದ್ದಾಳೆ. ಅಲ್ಲಿ ಶುಕ್ರವಾರ ರಜೆ, ಪೂಜೆಗೂ ಅಂದೇ ಜನ ಹೆಚ್ಚಂತೆ. ಫೋನಿನಲ್ಲಿ ಅವಳ ದನಿ ನಿದ್ದೆಗೆಟ್ಟಿದ್ದರೆ ಆ ರಾತ್ರಿ ನನಗೂ ನಿದ್ದೆ ಇಲ್ಲ. ಮತ್ತೆ ಎಳೆಯಲು ಕೈ ಹೋಗುತ್ತದೆ. ಸಾಂತ್‌ಮಾರಿ ಹತ್ತಿರ ಬಂತಲ್ಲ, ಈ ಸಲ ಏನು ಬೇಡಿಕೊಳ್ಳಲಿ ಅಂತ ಮೊನ್ನೆ ಅವಳನ್ನೇ ಕೇಳಿದೆ.

"ಅಡುಗೆ ಬರುವ ರೂಮ್‌ಮೇಟ್ ಒಬ್ಬಳು ಸಿಗಲಿ ಅಂತ ಕೇಳು ಮಮ್ಮಿ," ಅಂದಳು.