ರಾತ್ರಿ ಇಲ್ಲೇ ಬಿಟ್ಟು ಹೋಗಿ ಅಂದವನು

ಮೂರ್ನಾಡು, ಭಾನುವಾರ, 22 ಸೆಪ್ಟೆಂಬರ್ 2024

ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬ ಕಳೆದು ಮೂರು ವಾರ ಆಗ್ತಾ ಬಂತು. ಇನ್ನೂ ಆಕಾಶವನ್ನು ನಂಬುವ ಹಾಗಿಲ್ಲ. ಬೆಳಗ್ಗೆ ಸ್ವಲ್ಪ ಬಿಸಿಲು ಕಂಡಿತು ಅಂತ ಟಾರ್ಪಾಲು ಸರಿಸಿ ಬೈಕನ್ನು ಅಂಗಳಕ್ಕೆ ತಂದೆ. ಮೀಟರ್ 23,460 ತೋರಿಸಿತು. ಇನ್ನು ಐನೂರು ಚಿಲ್ಲರೆ ಕಿಲೋಮೀಟರ್ ಓಡಿದರೆ 24,000. ಜೊತೆಗೆ ಇದು 2019ರ ಗಾಡಿ, ಐದು ವರ್ಷವೂ ತುಂಬಿತು. ನನ್ನ ಡುಕಾಟಿ ಸ್ಕ್ರ್ಯಾಂಬ್ಲರ್‌ನ ಪುಸ್ತಕದಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸಿ ಓಡಿಸುವ ಪಟ್ಟಿ) ಬದಲಿಸಲು ಹೇಳಿರುವುದು 24,000 ಕಿಲೋಮೀಟರ್ ಅಥವಾ ಐದು ವರ್ಷ, ಯಾವುದು ಮೊದಲೋ ಅದು. ವಾಲ್ವ್ ಅಳತೆ, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳ ಸಂದು ನೋಡುವುದು, ಪ್ರತಿ 12,000ಕ್ಕೆ. ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿವೆ.

ಎಲ್ಲಿ ಮಾಡಿಸೋದು ಅನ್ನುವುದೇ ಒಂದು ತಿಂಗಳಿಂದ ತಲೆನೋವು.

ಊರಿನಲ್ಲಿ ಎಲ್ಲರೂ ಇದನ್ನು ಇಟಲಿ ಬೈಕ್ ಅಂತಾರೆ. ನಿಜ ಹೇಳಬೇಕೆಂದರೆ ನಮ್ಮ ದೇಶಕ್ಕೆ ಬಂದ ಸ್ಕ್ರ್ಯಾಂಬ್ಲರ್‌ಗಳನ್ನು ಜೋಡಿಸಿದ್ದು ಥಾಯ್ಲೆಂಡಿನಲ್ಲಿ. ಆದರೆ ಇಂಜಿನ್ನಿನ ಬುದ್ಧಿ ಮಾತ್ರ ಡುಕಾಟಿಯ ಸ್ವಂತ ಊರು ಬೊಲೋನ್ಯಾದ್ದು, ಅಪ್ಪಟ. ಬೇರೆ ಬೈಕುಗಳಲ್ಲಿ ವಾಲ್ವನ್ನು ಕ್ಯಾಮ್ ಒತ್ತಿ ತೆರೆಯುತ್ತದೆ, ಸ್ಪ್ರಿಂಗ್ ತಳ್ಳಿ ಮುಚ್ಚುತ್ತದೆ. ಇದರಲ್ಲಿ ಮುಚ್ಚುವುದಕ್ಕೂ ಇನ್ನೊಂದು ರಾಕರ್, ಅಂದರೆ ಸನ್ನೆಯಂಥ ತೋಳು, ಇದೆ. ಅದು ವಾಲ್ವನ್ನು ಎಳೆದೇ ಮುಚ್ಚುತ್ತದೆ. ಡೆಸ್ಮೋ ಅಂತಾರೆ. ಫ್ಯಾಬಿಯೋ ಟ್ಯಾಲ್ಯೋನಿ ಅನ್ನುವ ಇಂಜಿನಿಯರ್ 1956ರಲ್ಲಿ ರೇಸ್ ಬೈಕಿಗೆ ತಂದದ್ದು, 1968ರಿಂದ ರಸ್ತೆಯ ಬೈಕಿಗೂ ಬಂತು. ಆಗಿನ ಸ್ಪ್ರಿಂಗುಗಳು ಜಾಸ್ತಿ ವೇಗ ತಡೆಯುತ್ತಿರಲಿಲ್ಲ, ಅದಕ್ಕೆ ಈ ಉಪಾಯ. ಈಗ ಒಳ್ಳೆಯ ಸ್ಪ್ರಿಂಗುಗಳಿವೆ. ಆದರೂ ನಮ್ಮಂಥವರು ಅದರ ಸದ್ದಿಗೆ ಸೋತು ದುಡ್ಡು ಸುರಿಯುತ್ತಲೇ ಇದ್ದೇವೆ. ಅಪ್ಪನಂತೂ ಇವತ್ತಿಗೂ ಬಿಟ್ಟಿಲ್ಲ. "ಆ ದುಡ್ಡಿಗೆ ಒಳ್ಳೇ ಜೀಪು ಬರ್ತಿತ್ತು, ಗೊಬ್ಬರನಾದ್ರೂ ಹೊರ್ತಿತ್ತು."

ನನ್ನ ಬೈಕಿನಲ್ಲಿ ಎರಡು ಸಿಲಿಂಡರ್, ನಾಲ್ಕು ವಾಲ್ವ್. ಪ್ರತಿ ವಾಲ್ವಿಗೂ ತೆರೆಯುವ ಕಡೆ ಒಂದು ಶಿಮ್ (ಸಂದು ಸರಿಮಾಡುವ ಸಣ್ಣ ಲೋಹದ ಬಿಲ್ಲೆ), ಮುಚ್ಚುವ ಕಡೆ ಒಂದು ಶಿಮ್. ಅಂದರೆ ಎಂಟು ಅಳತೆ. ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ಬೆಲ್ಟು ಎರಡು. ಅದೇನಾದರೂ ಓಡುವಾಗ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಆಮೇಲೆ ಸರ್ವಿಸ್ ಮಾತೇ ಇಲ್ಲ, ಇಂಜಿನ್ನೇ ಬಿಚ್ಚಬೇಕು.

ನಮ್ಮ ಸಂತೆ ರಸ್ತೆಯ ಮೆಕ್ಯಾನಿಕ್ ಇಕ್ಕನ ಹತ್ತಿರ ಮೊದಲು ಕೇಳಿದೆ. ಜೀಪು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಕಳೆ ಹೊಡೆಯುವ ಮಷಿನ್, ಎಲ್ಲವೂ ಅವರ ಕೈಯಲ್ಲೇ ಬದುಕಿವೆ. ವರ್ಷಕ್ಕೊಮ್ಮೆ ನನ್ನ ಬೈಕಿನ ಆಯಿಲ್ ಬದಲಿಸುವುದೂ ಅವರೇ. 15W-50 ಆಯಿಲ್ ನಾನು ತಂದುಕೊಡುತ್ತೇನೆ. ಇಕ್ಕ ಬಗ್ಗಿ ಬೆಲ್ಟಿನ ಕವರ್ ನೋಡಿದರು, ಎದ್ದರು, ಕೈ ಒರೆಸಿಕೊಂಡರು.

"ಇದು ಬೇಡ ಸಾರ್. ಆಯಿಲ್ ಹೇಳಿ, ಬ್ರೇಕ್ ಪ್ಯಾಡ್ ಹೇಳಿ, ಚೈನ್ ಹೇಳಿ. ಇದರೊಳಗೆ ನಾನು ಕೈ ಹಾಕಲ್ಲ."

"ಮೋಟೋ ಗುಝಿ ಆಗಿದ್ರೆ ಮಾಡ್ತಿದ್ರಾ ಇಕ್ಕ?"

ಅದೂ ಇಟಲಿಯದೇ. ಕೋಮೋ ಸರೋವರದ ದಡದಲ್ಲಿರುವ ಮಂಡೆಲ್ಲೋ ಅನ್ನುವ ಊರಿನದು, 1921ರಿಂದ ಇದೆ. ಅದರ ಸಿಲಿಂಡರುಗಳು ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಕವರ್ ತೆಗೆದರೆ ವಾಲ್ವಿನ ಸಂದು ಸರಿಮಾಡುವ ಟ್ಯಾಪೆಟ್ ಮುಂದೆಯೇ ಇರುತ್ತದೆ, ಸ್ಕ್ರೂ ಮತ್ತು ಲಾಕ್ ನಟ್. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಇಕ್ಕನ ಮುಖ ಅರಳಿತು. "ಇದು ನಮ್ಮ ಹಳೇ ಬುಲೆಟ್ ಥರ. ಇದನ್ನು ತರೋದಲ್ವಾ ನೀವು?"

ಹೌದು, ತರಬಹುದಿತ್ತು.

ಇನ್ನು ಬೆಂಗಳೂರು. ಕಂಪನಿಯ ಸರ್ವಿಸ್ ಅಂದರೆ ಅಲ್ಲಿಗೇ ಹೋಗಬೇಕು. ಮಡಿಕೇರಿಯಿಂದ 260 ಕಿಲೋಮೀಟರ್ ಹತ್ತಿರ. ಕಳೆದ ವರ್ಷ ಆಗಸ್ಟ್ 1ರಿಂದ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. 803 ಸಿಸಿ ಇದ್ದರೂ ಅಷ್ಟೇ. ಪಕ್ಕದಲ್ಲಿ ಹಳೇ ಮಾರುತಿ ಆರಾಮಾಗಿ ಹೋಗುತ್ತಿರುತ್ತದೆ, ನಾನು ಸರ್ವಿಸ್ ರಸ್ತೆಯಲ್ಲಿ ಹಂಪು, ಎಮ್ಮೆ, ಎದುರು ಬರುವ ಆಟೋ ಎಣಿಸಬೇಕು. ಅದನ್ನೂ ಸಹಿಸಬಹುದು. ನನಗೆ ಅಡ್ಡ ಬರುತ್ತಿರುವುದು 2022ರ ಜನವರಿ.

ಬೈಕನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಕೆಲವೇ ತಿಂಗಳಾಗಿತ್ತು. 12,000ದ ಸರ್ವಿಸ್. ಬೆಳಗಿನ ಜಾವ ಹೊರಟು ಹನ್ನೊಂದು ಗಂಟೆಗೆ ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಕೊಟ್ಟೆ. ಕಾಫಿ ಕೊಟ್ಟರು, ಮೆಷಿನ್ ಕಾಫಿ, ಕೊಡಗಿನವನಿಗೆ ಅದು ಬೇರೆ ಶಿಕ್ಷೆ. ನಾಲ್ಕು ಗಂಟೆಗೆ ಗಾಡಿ ಕೈಗೆ ಬಂತು. ಫಳಫಳ ಹೊಳೆಯುತ್ತಿತ್ತು. ಬಿಲ್ಲಿನಲ್ಲಿ ವಾಲ್ವ್ ತಪಾಸಣೆ ಅಂತ ಸಾಲು, ಅದಕ್ಕೆ ದುಡ್ಡು. ಪುಸ್ತಕದಲ್ಲಿ ಮೊಹರು. ಖುಷಿಯಿಂದ ಮೈಸೂರಿಗೆ ಬಂದು ಉಳಿದು ಮಾರನೇ ದಿನ ಮನೆ ಸೇರಿದೆ.

ಆ ಮೇಲೆ ಒಂದು ದಿನ ಚೈನ್ ಒರೆಸುತ್ತಾ ಕೂತಿದ್ದಾಗ ಮುಂದಿನ ಸಿಲಿಂಡರಿನ ಕಡೆ ಕಣ್ಣು ಹೋಯಿತು. ಅದು ಮುಂದಿನ ಚಕ್ರದ ಹಿಂದೆಯೇ ಮಲಗಿರುತ್ತದೆ. ನಮ್ಮ ತೋಟದ ದಾರಿಯ ಕೆಂಪು ಕೆಸರೆಲ್ಲ ಅದರ ಮೇಲೇ. ವಾಲ್ವ್ ಕವರಿನ ಬೋಲ್ಟುಗಳಲ್ಲಿ ಅಲೆನ್ ಕೀ ಹೋಗುವ ಗುಂಡಿ ಇರುತ್ತದಲ್ಲ, ಆ ಗುಂಡಿಗಳ ತುಂಬಾ ಮಳೆಗಾಲದ ಮಣ್ಣು ಒಣಗಿ ಕಲ್ಲಾಗಿ ಕೂತಿತ್ತು. ಎಲ್ಲಾ ಬೋಲ್ಟಿನಲ್ಲೂ. ಹೆಂಡತಿಯ ಸೇಫ್ಟಿ ಪಿನ್ ತಂದು ಕೆರೆದು ನೋಡಿದೆ. ಕೀ ಒಳಗೆ ಹೋಗಲು ಸಾಧ್ಯವೇ ಇರಲಿಲ್ಲ. ಆ ಕವರ್ ತೆಗೆಯದೆ ವಾಲ್ವ್ ನೋಡಿದ್ದು ಹೇಗೆ? ಫೋನ್ ಮಾಡಿದೆ. "ಚೆಕ್ ಮಾಡಿದ್ದೀವಿ ಸರ್, ಸಿಸ್ಟಮ್‌ನಲ್ಲಿ ಇದೆ" ಅಂದರು. ಸಿಸ್ಟಮ್‌ನಲ್ಲಿ ಇರಬಹುದು, ಮಣ್ಣೂ ಅದರ ಜಾಗದಲ್ಲೇ ಇತ್ತು.

ಎಲ್ಲರೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಬಹುಶಃ 23,000 ಕಿಲೋಮೀಟರ್ ಆ ವಾಲ್ವುಗಳನ್ನು ಯಾರೂ ಅಳೆದೇ ಇಲ್ಲ ಅನ್ನುವ ಯೋಚನೆ ಏರು ಹತ್ತುವಾಗೆಲ್ಲ ಬರುತ್ತದೆ.

ಮಂಗಳೂರಿನಲ್ಲಿ ಒಬ್ಬರು ಇದ್ದಾರೆ ಅಂದರು. ಸಂಪಾಜೆ ಘಾಟಿ ಇಳಿದು ಹೋಗಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನೋಡಿದ ಮೇಲೆ ಮಳೆ ಪೂರ್ತಿ ಬಿಡುವ ತನಕ ನಾನು ಆ ಕಡೆ ಸುಮ್ನೆ ಹೋಗುವವನಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಈ ವಾರ ಮತ್ತೆ ಎರಡು ಕಡೆ ಫೋನ್ ಮಾಡಿದೆ. ಎರಡೂ ಕಡೆ ಒಂದೇ ಪ್ರಶ್ನೆ: ಬೆಲ್ಟು, ವಾಲ್ವು ಮಾಡಿಸಬೇಕು, ಎಷ್ಟು ಹೊತ್ತಾಗುತ್ತೆ? ಬೆಂಗಳೂರಿನ ಹುಡುಗಿ ತುಂಬಾ ಮರ್ಯಾದೆಯಿಂದ ಹೇಳಿದಳು, "ಬೆಳಗ್ಗೆ ಹನ್ನೊಂದರೊಳಗೆ ತನ್ನಿ ಸರ್, ಅದೇ ದಿನ ಸಂಜೆ ಡೆಲಿವರಿ ಕೊಡ್ತೀವಿ." ಮೈಸೂರಿನಲ್ಲಿ ಸ್ವಂತ ಗ್ಯಾರೇಜ್ ಇಟ್ಟಿರುವ ಒಬ್ಬ ಹುಡುಗನ ನಂಬರನ್ನು ಗೋಣಿಕೊಪ್ಪದ ಗೆಳೆಯ ಕೊಟ್ಟಿದ್ದ. ಆ ಹುಡುಗ ಹೊತ್ತಿನ ಮಾತೇ ಎತ್ತಲಿಲ್ಲ.

"ಕೊಡಗಿನಿಂದ ಓಡಿಸ್ಕೊಂಡು ಬರ್ತೀರಾ? ಹಾಗಾದ್ರೆ ಹಿಂದಿನ ದಿನ ಸಂಜೆ ತನ್ನಿ ಸರ್. ರಾತ್ರಿ ಇಲ್ಲೇ ಬಿಟ್ಟು ಹೋಗಿ. ಇಂಜಿನ್ ಪೂರ್ತಿ ತಣ್ಣಗಾಗದೆ ನಾನು ಅಳೆಯಲ್ಲ."

ಫೋನ್ ಇಟ್ಟು ಸ್ವಲ್ಪ ಹೊತ್ತು ಜಗಲಿಯಲ್ಲೇ ಕೂತೆ. ಇದು ಗೊತ್ತಿರುವ ವಿಷಯವೇ. ಬಿಸಿಯಾದರೆ ಲೋಹ ಹಿಗ್ಗುತ್ತದೆ, ಸಂದು ಬದಲಾಗುತ್ತದೆ, ಪುಸ್ತಕದ ಅಳತೆಯೆಲ್ಲ ತಣ್ಣಗಿನ ಇಂಜಿನ್ನಿಗೆ. 2022ರಲ್ಲಿ 260 ಕಿಲೋಮೀಟರ್ ಓಡಿ ಕಾದ ಇಂಜಿನ್ನನ್ನು ಹನ್ನೊಂದಕ್ಕೆ ಕೊಟ್ಟು ನಾಲ್ಕಕ್ಕೆ ವಾಪಸ್ ತಗೊಂಡಾಗ ನನ್ನ ತಲೆಗೆ ಇದು ಯಾಕೆ ಹೊಳೆಯಲಿಲ್ಲವೋ. ಬೋಲ್ಟಿನ ಮಣ್ಣು ನೋಡುವ ಮೊದಲೇ ಗೊತ್ತಾಗಬೇಕಿತ್ತು.

ನಿನ್ನೆ ಅತ್ತೆಯ ಕಣ್ಣು ತೋರಿಸಲು ಮೈಸೂರಿಗೆ ಹೋಗುವುದಿತ್ತು. ಕಣ್ಣಿಗೆ ಡ್ರಾಪ್ಸ್ ಹಾಕಿ ಒಂದೂವರೆ ಗಂಟೆ ಕಾಯಿರಿ ಅಂದರು. ಹೆಂಡತಿಯನ್ನು ಅವರ ಜೊತೆ ಬಿಟ್ಟು ಆಟೋ ಹತ್ತಿದೆ. ಅವಳಿಗೆ ಔಷಧಿ ಅಂಗಡಿ ಅಂತ ಹೇಳಿದ್ದೆ. ನಂಬಿದ ಹಾಗೆ ಕಾಣಲಿಲ್ಲ.

ಗ್ಯಾರೇಜ್ ಚಿಕ್ಕ ಗಲ್ಲಿಯಲ್ಲಿದೆ. ಶೀಟಿನ ಶೆಡ್ಡು. ಒಂದು ಬೈಕಿನ ಟ್ಯಾಂಕ್ ತೆಗೆದು ಗೋಡೆಗೆ ಒರಗಿಸಿದ್ದ, ಗಾಳಿ ಹೋಗುವ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದ್ದ. ಅದು ನನಗೆ ಹಿಡಿಸಿತು. ಮೇಜಿನ ಮೇಲೆ ಮೈಕ್ರೋಮೀಟರ್, ಫೀಲರ್ ಗೇಜ್, ಮದ್ದಿನ ಡಬ್ಬಿಯಂಥ ಡಬ್ಬಿಯಲ್ಲಿ ವಿಂಗಡಿಸಿದ ಶಿಮ್‌ಗಳು. ಗೋಡೆಯ ಮೊಳೆಗೆ ಹಳೇ ಬೆಲ್ಟುಗಳನ್ನು ನೇತು ಹಾಕಿದ್ದಾನೆ, ಪ್ರತಿಯೊಂದರ ಮೇಲೂ ಬಿಳಿ ಮಾರ್ಕರಿನಲ್ಲಿ ಕಿಲೋಮೀಟರ್ ಬರೆದಿದೆ. ಒಂದನ್ನು ತೆಗೆದು ಬಗ್ಗಿಸಿ ತೋರಿಸಿದ. ಹಲ್ಲಿನ ಬುಡದಲ್ಲಿ ಸಣ್ಣ ಬಿರುಕು. ಓಡದೆ ನಿಂತ ಗಾಡಿಯದೇ ಹೀಗಾಗೋದು ಜಾಸ್ತಿ ಸರ್, ಅಂದ. ನಮ್ಮದು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಹೇಳಲಿಲ್ಲ.

ಹೊಸ ಬೆಲ್ಟಿನ ಬಿಗಿ ನೋಡುವ ರೀತಿ ತೋರಿಸಿದ. ಬೆರಳಿನಿಂದ ತಂತಿ ಮೀಟಿದ ಹಾಗೆ ಬೆಲ್ಟನ್ನು ಮೀಟುತ್ತಾರೆ. ಹತ್ತಿರ ಹಿಡಿದ ಮೊಬೈಲು ಅದರ ನಾದವನ್ನು ಹರ್ಟ್ಜ್‌ನಲ್ಲಿ ಹೇಳುತ್ತದೆ. ಕಡಿಮೆ ಬಂದರೆ ಸಡಿಲ, ಜಾಸ್ತಿ ಬಂದರೆ ಬಿಗಿ. ನನಗೆ ನಮ್ಮ ಕೊಡಗಿನ ವಾದ್ಯ ದುಡಿ ನೆನಪಾಯಿತು. ಹಗ್ಗ ಅಮುಕಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹೇಳಿದರೆ ಅವನಿಗೆ ಅರ್ಥವಾಗಲಿಲ್ಲ. ಮೈಸೂರಿನವನು.

ಎಂಟು ಅಳತೆಯನ್ನೂ ಬರೆದು ಕೊಡ್ತೀಯಾ ಅಂತ ಕೇಳಿದೆ. ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟ. ಪ್ರತಿ ಗಾಡಿಗೂ ಒಂದು ಪುಟ, ಬಂದಾಗ ಎಷ್ಟಿತ್ತು, ಹೋಗುವಾಗ ಎಷ್ಟಾಯಿತು. ಸರ್ವಿಸ್ ದೀಪ ಆರಿಸುವ ಉಪಕರಣವೂ ಇದೆ. ಬೆಲ್ಟ್ ತರಿಸಲು ಚಾಸಿ ನಂಬರ್ ಕೇಳಿದ.

ಹಿಡಿಸದ್ದೂ ಇದೆ. ಪಕ್ಕದ ಅಂಗಡಿಯಲ್ಲಿ ಗ್ರೈಂಡರ್ ಕಿಡಿ ಹಾರಿಸುತ್ತಿತ್ತು. ಇಂಜಿನ್ ತೆರೆದಿಟ್ಟ ಜಾಗಕ್ಕೆ ಕಬ್ಬಿಣದ ಪುಡಿ ಬಂದರೆ? ತೆರೆಯುವ ದಿನ ಶಟರ್ ಎಳೆದು ಒಳಗೆ ಕೆಲಸ ಮಾಡ್ತೀನಿ ಅಂದ. ರಾತ್ರಿ ಗಾಡಿಗೆ ಕಾವಲು ಅಂದರೆ ಆ ಶಟರ್ ಮತ್ತು ಒಂದು ಬೀಗ, ಅಷ್ಟೇ.

ರಾತ್ರಿ ಊಟದ ಹೊತ್ತಿಗೆ ಬೆಂಗಳೂರಿನಿಂದ ಭಾವನ ಫೋನ್. ವಿಷಯ ಕೇಳಿ ಬೈದರು. "ಕಂಪನಿ ಮೊಹರು ಇಲ್ದಿದ್ರೆ ನಾಳೆ ಮಾರುವಾಗ ಯಾರು ತಗೋತಾರೆ ಮಾರಾಯ?" ಅವರು ಹೇಳುವುದೂ ತಪ್ಪಲ್ಲ. ವಾರಂಟಿ ಇದ್ದಿದ್ದರೆ ನಾನೂ ಬೇರೆ ಯೋಚನೆ ಮಾಡುತ್ತಿರಲಿಲ್ಲ. ಕಂಪನಿಯೇ ಯಾವುದಾದರೂ ಭಾಗ ಸರಿಯಿಲ್ಲ ಅಂತ ಗಾಡಿ ವಾಪಸ್ ಕರೆದರೆ ಅಲ್ಲಿಗೇ ಹೋಗಬೇಕು, ಹೋಗುತ್ತೇನೆ. ಆದರೆ ವಾರಂಟಿ ಯಾವಾಗಲೋ ಮುಗಿದಿದೆ. ಮಾರುವ ಯೋಚನೆಯೂ ಇಲ್ಲ. ಖರ್ಚಿನಲ್ಲಿ ಎರಡು ಕಡೆಗೂ ನಾಲ್ಕೈದು ಸಾವಿರದ ವ್ಯತ್ಯಾಸ, ಅದಕ್ಕಾಗಿ ಮೈಸೂರು ಅಂತೇನೂ ಅಲ್ಲ. "ಮೊಹರು ಒಂದು ಇದೆಯಲ್ಲ ಭಾವ, 2022ರದ್ದು" ಅಂದೆ. ಅವರಿಗೆ ಆ ಕತೆ ಗೊತ್ತು. ಕಾಫಿ ರೇಟಿಗೆ ಮಾತು ತಿರುಗಿಸಿದರು.

ಇವತ್ತು ಮಧ್ಯಾಹ್ನ ಮೈಸೂರಿಗೆ ಮುಂಗಡ ಕಳಿಸಿದೆ. ಬೆಲ್ಟ್ ಬರಲು ಒಂದು ವಾರ ಬೇಕಂತೆ. ಆಯುಧಪೂಜೆ ಅಕ್ಟೋಬರ್ 11ಕ್ಕೆ. ಆ ವಾರ ಯಾವ ಗ್ಯಾರೇಜೂ ಕೈಗೆ ಸಿಗುವುದಿಲ್ಲ, ಅದಕ್ಕೆ ಮೊದಲ ವಾರದಲ್ಲೇ ಗೊತ್ತು ಮಾಡಿಕೊಂಡೆ. ಬುಧವಾರ ಊಟ ಮುಗಿಸಿ ಹೊರಟು ತಿತಿಮತಿ, ಆನೆಚೌಕೂರು ದಾಟಿ ಸಂಜೆಯೊಳಗೆ ಗಾಡಿ ಬಿಡಬೇಕು. ಆಮೇಲೆ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ವಿರಾಜಪೇಟೆ ಬಸ್ಸು.

ಸಂಜೆ ಮಳೆ ಬರುವ ಮೊದಲು ಬೈಕ್ ತೊಳೆದೆ. ಕೆಸರು ಗಾಡಿ ಕೊಟ್ಟರೆ ಅವನಿಗೂ ಕಷ್ಟ ಅಲ್ವಾ. ಚಕ್ರ, ಫೋರ್ಕು, ಸಿಲಿಂಡರ್, ಎಲ್ಲಾ ತಿಕ್ಕಿದೆ. ಮುಂದಿನ ವಾಲ್ವ್ ಕವರಿನ ಬೋಲ್ಟುಗಳ ಗುಂಡಿಯಲ್ಲಿ ಈ ಮಳೆಗಾಲದ ಮಣ್ಣು ಕೂತಿದೆ. ಅದನ್ನು ಮಾತ್ರ ಮುಟ್ಟಲಿಲ್ಲ.