ಮಟ್ಟುವಿನ ಆಕಾಶದಲ್ಲಿ ಹೋದ ರೈಲು

26 ಜನವರಿ 2025, ಭಾನುವಾರ, ರಾತ್ರಿ

ಧಾರೆ ಮುಹೂರ್ತಕ್ಕೆ ಸರಿಯಾಗಿ ಆಯಿತು, ಊಟಕ್ಕೆ ಯಾರೂ ಕಡಿಮೆ ಹೇಳಲಿಲ್ಲ. ಮದುವೆಯ ಬಗ್ಗೆ ಇಷ್ಟು ಸಾಕು. ನಿನ್ನೆ ಮುಸ್ಸಂಜೆ ದೊಡ್ಡಪ್ಪನ ಅಂಗಳದಲ್ಲಿ ಮೆಹಂದಿಗೆ ಸೇರಿದ್ದವರೆಲ್ಲ ಆಕಾಶದಲ್ಲಿ ಕಂಡ ದೀಪಗಳ ಸಾಲು ಇಂದು ಮಧ್ಯಾಹ್ನ ಕಲ್ಯಾಣ ಮಂಟಪಕ್ಕೆ ಬರುವಾಗ ಏನಾಗಿತ್ತು ಎಂಬುದನ್ನು ಮರೆಯುವ ಮೊದಲು ಬರೆದಿಡಬೇಕು.

ಏಳೂಕಾಲರ ಹೊತ್ತು. ಉಡುಪಿಯ ಹತ್ತಿರದ ಮಟ್ಟುವಿನ ಆ ಮನೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಅಂಗಳದ ಪಡುಬದಿಯಲ್ಲಿ ತೆಂಗಿನ ಮರಗಳು ಬಿಟ್ಟರೆ ಆಕಾಶಕ್ಕೆ ಮರೆಯಾಗುವಂಥದ್ದು ಏನೂ ಇಲ್ಲ. ಚಪ್ಪರದ ದೀಪಗಳಿಗೆ ಇನ್ನೂ ವಿದ್ಯುತ್ ಕೊಟ್ಟಿರಲಿಲ್ಲ. ಯಾರೋ ತುಳುವಿನಲ್ಲಿ ‘ಅವು ಎಂಚಿನ?’ (ಅದೇನು?) ಎಂದು ಕೂಗಿದರು. ವಾಯವ್ಯದ ಕಡೆಯಿಂದ ಚುಕ್ಕಿ ಚುಕ್ಕಿಯಾದ ಬಿಳಿ ಬೆಳಕುಗಳು ಒಂದರ ಹಿಂದೆ ಒಂದು, ಒಂದೇ ಗೆರೆಯಲ್ಲಿ, ಸ್ವಲ್ಪವೂ ಸದ್ದಿಲ್ಲದೆ ಮೇಲೇರಿ ಬಂದು, ನಮ್ಮ ನೆತ್ತಿಯ ಹತ್ತಿರದಿಂದ ಹಾದು, ಆಗ್ನೇಯಕ್ಕೆ ಇಳಿಯುತ್ತ ಹೋಗಿ, ಹೆಚ್ಚುಕಡಿಮೆ ಒಂದೇ ಜಾಗಕ್ಕೆ ತಲುಪಿದಾಗ ಒಂದೊಂದಾಗಿ ಆರಿಹೋದವು. ಎಲ್ಲ ಸೇರಿ ಎರಡು ಮೂರು ನಿಮಿಷವಿರಬಹುದು. ಕೈಗೆ ಮದರಂಗಿ ಹಚ್ಚಿಸಿಕೊಂಡಿದ್ದವರು ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡೇ ಅಂಗಳಕ್ಕೆ ಓಡಿ ಬಂದಿದ್ದರು.

ಮೊದಲು ಬಾಯಿ ತೆರೆದವರು ದೊಡ್ಡಪ್ಪ. ಅವರ ಸ್ವರವನ್ನು ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ‘ರೈಲಿನ ಹಾಗೆ ಉದ್ದ ಇದೆ, ಕಿಟಕಿ ಕಿಟಕಿಯಲ್ಲಿ ದೀಪ ಉರಿಯುತ್ತಿದೆ, ನೋಡಿ’ ಎಂದರು. ಅಷ್ಟು ಹೊತ್ತು ಯಾರಿಗೂ ಅದು ಏನೆಂದು ತಿಳಿದಿರಲಿಲ್ಲ. ಆ ಮಾತು ಬಿದ್ದ ಮೇಲೆ ಎಲ್ಲರಿಗೂ ಕಿಟಕಿ ಕಂಡಿತು. ಚಿಕ್ಕಮ್ಮನಿಗೆ ಕಿಟಕಿಗಳು ಚೌಕವಾಗಿ ಕಂಡವು. ಭಾವನಿಗೆ ದೀಪಗಳ ನಡುವಿನ ಕಪ್ಪು ಭಾಗ ಸುತ್ತಲಿನ ಆಕಾಶಕ್ಕಿಂತ ಹೆಚ್ಚು ಕಪ್ಪಾಗಿ, ಉಕ್ಕಿನದಿರಬೇಕು ಎನ್ನುವಷ್ಟು ಗಟ್ಟಿಯಾಗಿ ಕಂಡಿತು. ವಿಡಿಯೊ ಮಾಡಿಕೊಂಡವರ ಫೋನುಗಳಲ್ಲಿ ಮಾತ್ರ ಅಲುಗುವ ಕತ್ತಲೆ ಬಿಟ್ಟರೆ ಬೇರೆ ಏನೂ ಮೂಡಿರಲಿಲ್ಲ, ಆದರೂ ಅದು ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿ ಬಿತ್ತು.

ಆಗಲೇ ಅಕ್ಕನ ಮಗ, ನನ್ನ ಪಕ್ಕದಲ್ಲಿ ನಿಂತಿದ್ದವನು, ‘ಅಜ್ಜ, ಅದರ ನಡುವೆ ಆ ಮೂರು ನಕ್ಷತ್ರ ಕಾಣುತ್ತಲೇ ಇತ್ತಲ್ಲ’ ಎಂದ. ಅವನು ಬೆರಳು ತೋರಿದ ಕಡೆ ನೋಡಿದೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳು. ಸಾಲು ಆ ಭಾಗದಿಂದಲೇ ಹಾದುಹೋಗಿತ್ತು. ನಡುವೆ ನಕ್ಷತ್ರ ಕಂಡಿದ್ದರೆ ಅಲ್ಲಿ ಉಕ್ಕೂ ಇಲ್ಲ, ಕಿಟಕಿಯೂ ಇಲ್ಲ, ಬಿಡಿಬಿಡಿಯಾದ ಬೆಳಕುಗಳು ಮಾತ್ರ ಇವೆ ಎಂಬುದು ಮೂರನೆಯ ತರಗತಿಯ ಹುಡುಗನ ಆ ಒಂದು ವಾಕ್ಯದಲ್ಲಿ ಪೂರ್ತಿಯಾಗಿ ಇತ್ತು. ಇಡೀ ಅಂಗಳದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದವನು ಅವನೊಬ್ಬನೇ.

ದೊಡ್ಡಪ್ಪ ಒಂದು ಕ್ಷಣವೂ ತಡವರಿಸದೆ, ‘ಅದೂ ಅದರದ್ದೇ ದೀಪ’ ಎಂದರು. ಎಲ್ಲರೂ ನಕ್ಕರು. ಹುಡುಗ ಸುಮ್ಮನಾದ.

ನಾನು ಹೇಳಬೇಕಾದ್ದನ್ನು ಹೇಳಿದೆ. ಸ್ಪೇಸ್‌ಎಕ್ಸ್ ಸಂಸ್ಥೆ 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಇಂಟರ್ನೆಟ್ ಒದಗಿಸುವ ಅರುವತ್ತು ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿದಂದಿನಿಂದ ಇಂಥ ಸಾಲುಗಳು ಲೋಕದ ಎಲ್ಲ ಕಡೆಯೂ ಕಾಣುತ್ತಿವೆ, ಹಾರಿಸಿದ ಮೊದಲ ಕೆಲವು ದಿನ ಅವು ಒತ್ತಾಗಿ ಒಂದರ ಹಿಂದೊಂದು ಸಾಗುತ್ತವೆ, ಆಮೇಲೆ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರುತ್ತ ದೂರದೂರವಾಗಿ ಚದುರಿಹೋಗುತ್ತವೆ, ನಮ್ಮ ಪಾಲಿಗೆ ಸೂರ್ಯ ಮುಳುಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುವುದರಿಂದಲೇ ಅವು ಹೊಳೆಯುತ್ತವೆ, ಭೂಮಿಯ ನೆರಳಿನೊಳಗೆ ಹೊಕ್ಕ ಕೂಡಲೇ ಒಂದೊಂದಾಗಿ ಆರುತ್ತವೆ ಎಂದು. ಆರಿದ ಬಗೆಯೇ ಅದಕ್ಕೆ ಸಾಕ್ಷಿ ಎಂದೂ ಹೇಳಿದೆ. ‘ಉಪಗ್ರಹ ಸಾಲಾಗಿ ಯಾಕೆ ಹೋಗುತ್ತದೆ, ಅದೇನು ಶಾಲೆಯ ಮಕ್ಕಳೋ’ ಎಂದು ಭಾವ ಕೇಳಿದ. ಅವನಿಗೆ ಬೇರೆ ಚಿಂತೆಯೂ ಇತ್ತು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯ ಗೆರೆಗಳು ಹಾದುಹೋಗಿ, ಚೀನಾದ ರಾಕೆಟ್ಟಿನದೆನ್ನಲಾದ ದೊಡ್ಡದೊಂದು ಲೋಹದ ಉಂಗುರ ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಬಿದ್ದದ್ದು ಅವನಿಗೆ ನೆನಪಿತ್ತು. ಇದೂ ಹಾಗೆ ಚಪ್ಪರದ ಮೇಲೆ ಬಿದ್ದರೆ ಏನು ಗತಿ ಎಂದ. ಅದು ವಾತಾವರಣಕ್ಕೆ ಇಳಿದು ಉರಿದದ್ದು, ಇದು ಮೇಲೆ ತನ್ನ ಕಕ್ಷೆಯಲ್ಲಿ ಸಾಗುವುದು ಎನ್ನುವಷ್ಟರಲ್ಲಿ ಜನರ ಗಮನ ಪಶ್ಚಿಮಕ್ಕೆ ಹೊರಳಿತ್ತು.

ಕಡಲ ಮೇಲೆ ದೊಡ್ಡದೊಂದು ಬೆಳಕು. ಚಿಕ್ಕಮ್ಮ ಅದು ಅಲುಗುತ್ತಿದೆ ಎಂದರು, ಅಲುಗಿತು. ಸೈಂಟ್ ಮೇರೀಸ್ ದ್ವೀಪದ ಕಡೆ ಸರಿಯುತ್ತಿದೆ ಎಂದರು, ಸರಿಯಿತು. ರೈಲಿನಿಂದ ಇಳಿದು ಉಳಿದವನೊಬ್ಬನು ಅಲ್ಲಿ ಕಾಯುತ್ತಿದ್ದಾನೆ ಎಂಬ ತೀರ್ಮಾನವೂ ಆಯಿತು. ಅದು ಶುಕ್ರ. ಈ ತಿಂಗಳಿಡೀ ಸಂಜೆ ಅಲ್ಲಿಯೇ ಇದೆ, ಅದರ ಕೆಳಗೆ ಶನಿ, ನೆತ್ತಿಯ ಹತ್ತಿರ ಗುರು, ಮೂಡಣದಲ್ಲಿ ಕೆಂಪಗೆ ಮಂಗಳ; ಗ್ರಹಗಳ ಮೆರವಣಿಗೆ ಎಂದು ಎಲ್ಲ ಪತ್ರಿಕೆಗಳೂ ಬರೆದಿದ್ದವು. ‘ಶುಕ್ರ ಇಷ್ಟು ದೊಡ್ಡದಿರುತ್ತದೆಯೇ’ ಎಂದು ಚಿಕ್ಕಮ್ಮ ನನ್ನನ್ನೇ ಸಂಶಯದಿಂದ ನೋಡಿದರು. ಅತ್ತೆಗೆ ಮಾತ್ರ ಇದಾವುದೂ ಲೆಕ್ಕಕ್ಕಿರಲಿಲ್ಲ. ಚಿಕ್ಕಂದಿನಲ್ಲಿ ಗದ್ದೆಯ ಬದುವಿನಲ್ಲಿ ಕೊಳ್ಳಿದೆವ್ವವನ್ನು ಕಂಡವರು ಅವರು. ಭೂತದ ದೀಟಿಗೆ ಇಷ್ಟು ಶಿಸ್ತಾಗಿ ಸಾಲುಗಟ್ಟಿ ಹೋಗುವುದಿಲ್ಲ, ಹಾಗಾಗಿ ಹೆದರುವುದಕ್ಕೇನೂ ಇಲ್ಲ ಎಂದು ಹೇಳಿ ಮಲ್ಲಿಗೆ ಕಟ್ಟಲು ಒಳಗೆ ಹೋದರು. ನಿನ್ನೆ ಅಲ್ಲಿ ನನಗೆ ತೀರ ಇಷ್ಟವಾದ ತರ್ಕ ಅವರದೇ.

ಕತ್ತಲೆಯಲ್ಲಿ ಒಂಟಿ ಬೆಳಕೊಂದನ್ನು ಎವೆಯಿಕ್ಕದೆ ನೋಡಿದರೆ ಅದು ಅಲುಗಿದ ಹಾಗೆ ಕಾಣುವುದು ಎಲ್ಲರ ಕಣ್ಣಿಗೂ ಇರುವ ಸ್ವಭಾವ. ತುರ್ಕಿಯಲ್ಲಿ ಹುಟ್ಟಿದ ಮನೋವಿಜ್ಞಾನಿ ಮುಜಾಫರ್ ಶೆರೀಫ್ 1935ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಮೇಲೆಯೇ ನಿಂತಿದೆ. ಕತ್ತಲೆಯ ಕೋಣೆಯಲ್ಲಿ ಸ್ಥಿರವಾಗಿರುವ ಒಂದು ಬೆಳಕಿನ ಚುಕ್ಕಿಯನ್ನು ತೋರಿಸಿ, ಅದು ಎಷ್ಟು ದೂರ ಸರಿಯಿತೆಂದು ಕೇಳಿದಾಗ ಒಬ್ಬೊಬ್ಬರೇ ಇದ್ದಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ; ಒಟ್ಟಿಗೆ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಎಲ್ಲರ ಲೆಕ್ಕವೂ ನಿಧಾನವಾಗಿ ಒಂದರ ಹತ್ತಿರಕ್ಕೆ ಬಂತು. ಆಮೇಲೆ ಪುನಃ ಒಬ್ಬೊಬ್ಬರನ್ನೇ ಕೇಳಿದರೂ ಅವರು ಗುಂಪಿನ ಲೆಕ್ಕವನ್ನೇ ಹೇಳುತ್ತಿದ್ದರು. ಈ ಕೊನೆಯ ಭಾಗವನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಭಯವಾಗುತ್ತದೆ.

ಕಿಟಕಿಗಳನ್ನು ಕಂಡವರಲ್ಲಿ ನಮ್ಮವರೇ ಮೊದಲಿಗರಲ್ಲ ಎಂಬುದೊಂದು ಸಮಾಧಾನ. 1968ರ ಮಾರ್ಚ್ 3ರ ರಾತ್ರಿ ಸೋವಿಯತ್ ಒಕ್ಕೂಟದ ಜೋಂಡ್ 4 ನೌಕೆಯನ್ನು ಹಾರಿಸಿದ ರಾಕೆಟ್ಟಿನ ಚೂರುಗಳು ಅಮೆರಿಕದ ಪೂರ್ವಭಾಗದ ರಾಜ್ಯಗಳ ಆಕಾಶದಲ್ಲಿ ಉರಿಯುತ್ತ ಸಾಲಾಗಿ ಹೋದವು. ನೋಡಿದವರಲ್ಲಿ ಹಲವರು ಬಿಡಿ ಬೆಂಕಿಗಳನ್ನು ಸರಿಯಾಗಿಯೇ ವರ್ಣಿಸಿದರು. ಕೆಲವರು ಮಾತ್ರ ಚುಟ್ಟದಂತೆ ಉದ್ದವಾದ ವಾಹನವನ್ನೂ ಅದರ ಬದಿಯಲ್ಲಿ ಚೌಕಾಕಾರದ, ಬೆಳಗುವ ಕಿಟಕಿಗಳನ್ನೂ ಕಂಡದ್ದಾಗಿ ಬರೆದು ಕಳುಹಿಸಿದರು. ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಅವರ ನೇತೃತ್ವದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನ ಇದನ್ನು ವಿವರವಾಗಿ ಪರಿಶೀಲಿಸಿತು. ಅವರಾರೂ ಸುಳ್ಳು ಹೇಳಿದವರಲ್ಲ. ಬೆಳಕುಗಳ ನಡುವಿನ ಖಾಲಿ ಜಾಗಕ್ಕೆ ಮನಸ್ಸು ತಾನೇ ಒಂದು ಗೋಡೆ ಕಟ್ಟಿಕೊಡುತ್ತದೆ. ಮಟ್ಟುವಿನ ಚಿಕ್ಕಮ್ಮನಿಗೂ ಅಮೆರಿಕದ ಆ ಹೆಂಗಸರು ಗಂಡಸರಿಗೂ ಚೌಕದ ಕಿಟಕಿಯೇ ಬೇಕಾಯಿತು ಎಂದು ನಗು ಬರುತ್ತದೆ.

ನಗು ಬಂದದ್ದು ಇವತ್ತು ಬೆಳಗ್ಗೆಯವರೆಗೆ. ಸಜ್ಜಿಗೆ ಬಜಿಲಿನ ಮುಂದೆ ಕುಳಿತವರು ಮೂರು ನಿಮಿಷವನ್ನು ಹತ್ತು ನಿಮಿಷ ಮಾಡಿದ್ದರು. ಸದ್ದೇ ಇಲ್ಲದ ವಸ್ತುವಿಗೆ ಭಾವ ಸಣ್ಣದೊಂದು ಗುಂಯ್‌ಗುಡುವಿಕೆಯನ್ನೂ ಕೊಟ್ಟಾಗಿತ್ತು. ಮಂಟಪದಲ್ಲಿ ಗಂಡಿನ ಕಡೆಯವರು ಕುತೂಹಲದಿಂದ ಸುತ್ತುವರಿದಾಗ, ಯಾರೋ ಹುಡುಗನನ್ನು ಮುಂದಕ್ಕೆ ತಂದು, ‘ಇವನೂ ನೋಡಿದ್ದಾನೆ, ಕೇಳಿ ಬೇಕಾದರೆ, ಮಕ್ಕಳು ಸುಳ್ಳು ಹೇಳುವುದಿಲ್ಲ’ ಎಂದರು. ಅವನು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ‘ರೈಲಿನ ಹಾಗೆ ಇತ್ತು, ಕಿಟಕಿ ಇತ್ತು’ ಎಂದ. ದೊಡ್ಡಪ್ಪ ಅವನ ಬೆನ್ನು ತಟ್ಟಿದರು.

ಸಂಜೆ ಅವನೊಬ್ಬನೇ ಸಿಕ್ಕಿದಾಗ, ಆ ಮೂರು ನಕ್ಷತ್ರಗಳ ಬಗ್ಗೆ ಕೇಳಿದೆ. ‘ಅದೂ ಅದರದ್ದೇ ದೀಪವಂತೆ’ ಎಂದು, ನಾನು ತಿಳಿಯದವರೆಂಬಂತೆ ವಿವರಿಸಿದ. ಅವನ ಸ್ವರದಲ್ಲಿ ಹೆದರಿಕೆಯಾಗಲೀ ಒತ್ತಾಯವಾಗಲೀ ಇರಲಿಲ್ಲ. ನಿಜಕ್ಕೂ ಈಗ ಅವನಿಗೆ ಕಿಟಕಿಗಳೇ ನೆನಪಿವೆ. ಅಕ್ಕನಿಗೆ ಹೇಳಿದರೆ, ಇಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀ, ಮದುವೆ ಮನೆಯಲ್ಲಿ ಮಗು ನಾಲ್ಕು ಜನರೊಡನೆ ಬೆರೆತು ಮಾತನಾಡಿದನಲ್ಲ ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಬೆರೆತದ್ದಂತೂ ನಿಜ.

ಮಂಗಳವಾರ ಅವರಿಗೆ ಬಜಪೆಯಿಂದ ವಿಮಾನ. ಅಷ್ಟರೊಳಗೆ ನಾಳೆ ಸಂಜೆ ಅವನೊಬ್ಬನನ್ನೇ ದಂಡೆಯ ಕಡೆ ಕರೆದುಕೊಂಡು ಹೋಗಿ, ಸಾಲು ಬಂದರೂ ಬರದಿದ್ದರೂ, ಮಹಾವ್ಯಾಧನನ್ನು ತೋರಿಸದೆ, ನಾನಾಗಿ ಒಂದು ಮಾತನ್ನೂ ಆಡದೆ, ಅವನಿಗೆ ಏನು ಕಾಣುತ್ತದೆಂದು ಮಾತ್ರ ಕೇಳಬೇಕೆಂದುಕೊಂಡಿದ್ದೇನೆ. ನಾನು ಬಾಯಿ ತೆರೆದರೆ ನನಗೂ ದೊಡ್ಡಪ್ಪನಿಗೂ ಏನು ವ್ಯತ್ಯಾಸ? ಆದರೆ ನಾವು ಹೊರಡುವುದನ್ನು ಕಂಡು, ತಾನೂ ಬರುತ್ತೇನೆಂದು ಅವರು ಟಾರ್ಚು ಹಿಡಿದು ಎದ್ದರೆ, ಅವರಿಗೆ ಬೇಡವೆನ್ನುವವರು ಯಾರು?