ಆ ಮೈಕು ನಾನು ಹಿಡಿಯಬಾರದಿತ್ತು

ಮೊನ್ನೆ ನಮ್ಮ ಟ್ರಸ್ಟಿನ ಬೋರ್ಡ್ ಮೀಟಿಂಗ್ ಇತ್ತು. ಅಜೆಂಡಾದಲ್ಲಿ ಆರನೇ ಐಟಂ: ಗಾಲಾ ಡಿನ್ನರ್, ಅಂದರೆ ದೇಣಿಗೆ ಎತ್ತಲು ಜನರನ್ನು ಕರೆದು ಹಾಕುವ ದೊಡ್ಡ ಊಟ, ಮತ್ತೊಮ್ಮೆ. ಓದಿದ ಕೂಡಲೇ ಕಿವಿ ಬಿಸಿಯಾಯಿತು. 2023ರ ಡಿಸೆಂಬರಿನ ಒಂದು ಖಾಕಿ ಲಕೋಟೆ ಕಣ್ಣ ಮುಂದೆ ಬಂದು ನಿಂತಿತು.

ಬೆಳಗಾವಿಯ ಒಂದು ಸಣ್ಣ ಟ್ರಸ್ಟಿನಲ್ಲಿ ದೇಣಿಗೆ ನೋಡಿಕೊಳ್ಳುವವನು ನಾನು. ಹಳ್ಳಿಗಳಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ, ಹನ್ನೊಂದು ಸೆಂಟರ್. ಪಾಠ ಹೇಳುವವರ ಸಂಬಳ ಏಳನೇ ತಾರೀಖಿನೊಳಗೆ ಆದರೆ ಅದೇ ನಮಗೆ ಹಬ್ಬ. ಆ ವರ್ಷ ಜೂನಿನಲ್ಲಿ ಒಂದು ಗ್ರಾಂಟ್ ನಿಂತುಹೋಯಿತು. ಬೋರ್ಡಿನವರದ್ದು ಯಾವಾಗಲೂ ಒಂದೇ ಮಂತ್ರ, 'ಸಿಎಸ್‌ಆರ್ ತರಸ್ರಿ', ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು. ಎಲ್ಲಿಂದ ತರೋದು? ಐದು ಕೋಟಿ ನಿವ್ವಳ ಲಾಭವೋ, ಸಾವಿರ ಕೋಟಿ ವಹಿವಾಟೋ, ಐನೂರು ಕೋಟಿ ನೆಟ್‌ವರ್ತೋ ಇರುವ ಕಂಪನಿಗೆ ಮಾತ್ರ ಲಾಭದ ಎರಡು ಪರ್ಸೆಂಟ್ ಅದಕ್ಕೆ ಖರ್ಚು ಮಾಡಬೇಕು ಅನ್ನುವ ಕಾನೂನು. ಉದ್ಯಮಬಾಗಿನಲ್ಲಿ ನನಗೆ ಪರಿಚಯವಿರುವ ಫೌಂಡ್ರಿ ಮಾಲೀಕರು ಕರೆಂಟ್ ಬಿಲ್ಲಿನ ಚಿಂತೆಯಲ್ಲೇ ಇರುತ್ತಾರೆ. ದೊಡ್ಡ ಕಂಪನಿಗಳ ಸಿಎಸ್‌ಆರ್ ಮೇಜು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತದೆ, ಅಲ್ಲಿ ನಮ್ಮ ಮೇಲ್ ತೆರೆದು ನೋಡುವವರೂ ಇಲ್ಲ.

ಅಷ್ಟರಲ್ಲಿ ಒಬ್ಬ ಟ್ರಸ್ಟಿ ಪುಣೆಯಲ್ಲಿ ಯಾವುದೋ ಗಾಲಾ ನೋಡಿಕೊಂಡು ಬಂದರು. ಒಂದೇ ರಾತ್ರಿಗೆ ನಲವತ್ತು ಲಕ್ಷ ಅಂದರು. ಎಲ್ಲರ ಮುಖ ಅರಳಿತು. ನಮ್ಮ ಆಫೀಸಿನ ಹುಡುಗ ಮಾತ್ರ ಚಹಾ ಇಡುತ್ತಾ, 'ಗಾಳಾ ಎಲ್ಲಿ ಹಿಡೀತೀರಿ ಸರ್? ಭಾಡಿಗಿ ಎಷ್ಟು?' ಅಂದ. ನಮ್ಮೂರಲ್ಲಿ ಮರಾಠಿ ಮಾತಾಡುವವರಿಗೆ ಗಾಳಾ ಅಂದರೆ ಅಂಗಡಿ ಮಳಿಗೆ. ನಾವೆಲ್ಲ ನಕ್ಕೆವು. ಬಾಡಿಗೆ ಎಷ್ಟು ಅಂತ ಕೇಳಿದವನು ಆ ರೂಮಿನಲ್ಲಿ ಅವನೊಬ್ಬನೇ ಅನ್ನೋದು ಆಮೇಲೆ ಹೊಳೆಯಿತು.

ನನಗೆ ಆಗಲೇ ಒಂದು ಅನುಮಾನ ಇತ್ತು, ಬಾಯಿ ಬಿಡಲಿಲ್ಲ. ನಮ್ಮ ಟ್ರಸ್ಟಿಗಳು ಗಣಪತಿ ಹಬ್ಬಕ್ಕೆ ಗಲ್ಲಿ ಗಲ್ಲಿ ತಿರುಗಿ ಪಟ್ಟಿ ಎತ್ತುವವರು. ಪಾವತಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರೆ ಐನೂರು ಬರೆಸದೆ ಕಾಲು ತೆಗೆಯೋದಿಲ್ಲ. ಅದೇ ಜನ ನಮ್ಮ ಟ್ರಸ್ಟಿನ ಸಲುವಾಗಿ ಕೇಳಬೇಕು ಅಂದರೆ 'ನಮಗ ಸರಿ ಕಾಣೂದಿಲ್ಲ' ಅನ್ನುತ್ತಾರೆ. ಗಾಲಾ ಮಾಡಿದರೆ ಯಾರೂ ಯಾರನ್ನೂ ಕೇಳಬೇಕಿಲ್ಲ, ಊಟವೇ ಕೇಳುತ್ತದೆ. ಹಾಗಂತ ಎಲ್ಲರೂ ನಂಬಿದ್ದೆವು, ಸಂಬಳ ತಗೊಳ್ಳುವ ನಾನೂ ಸೇರಿ.

ತಾರೀಖು ಗೊತ್ತು ಮಾಡಿದ್ದು ಡಿಸೆಂಬರಿನ ಎರಡನೇ ಶುಕ್ರವಾರ. ಬೆಳಗಾವಿಯಲ್ಲಿ ಡಿಸೆಂಬರ್ ಅಂದರೆ ಏನು ಅಂತ ನಮಗೆ ಗೊತ್ತಿರಬೇಕಿತ್ತು ಅಲ್ವಾ? ಆ ವರ್ಷ ಅಧಿವೇಶನ 4ರಿಂದ 15ರವರೆಗೆ. ಲಾಡ್ಜ್ ಎಲ್ಲ ಅಧಿಕಾರಿಗಳಿಗೆ, ಊರ ತುಂಬ ಪೊಲೀಸರು, ದಿನಕ್ಕೊಂದು ಪ್ರತಿಭಟನೆ. ಹಾಡೋಕೆ ಕರೆಸಿದ ಗಾಯಕರ ತಂಡಕ್ಕೆ ರೂಮ್ ಸಿಗದೆ ಒಬ್ಬ ಟ್ರಸ್ಟಿಯ ಮನೆ ಮಹಡಿಯಲ್ಲಿ ಮಲಗಿಸಿದೆವು. 'ಸೌಧದಿಂದ ಏಳಕ್ಕೆ ಹೊರಟು ಬರ್ತೀನಿ' ಅಂದಿದ್ದ ಮುಖ್ಯ ಅತಿಥಿ ಶಾಸಕರು ಎಂಟೂ ನಲವತ್ತಕ್ಕೆ ಬಂದರು, ಶಾಲು ಹೊದಿಸಿಕೊಂಡರು, ಒಂಬತ್ತು ನಿಮಿಷ ಇದ್ದರು. ನಾನೇ ವಾಚ್ ನೋಡಿದ್ದೇನೆ.

ಅವರು ಬರುವ ತನಕ ದೇಣಿಗೆ ಘೋಷಣೆ ಶುರು ಮಾಡೋ ಹಾಗಿರಲಿಲ್ಲ. ಇನ್ನೂರು ಜನ ಹಸಿದು ಕೂತಿದ್ದಾರೆ. ಒಳಗಿಂದ ಬಿಸಿ ಜೋಳದ ರೊಟ್ಟಿ ವಾಸನೆ. ಕೇಟರರ್ ನಾಲ್ಕು ನಿಮಿಷಕ್ಕೊಮ್ಮೆ ಬಂದು 'ಬಡಿಸ್ಲ್ಯಾ?' ಅಂತ ಕಣ್ಣಲ್ಲೇ ಕೇಳುತ್ತಿದ್ದ. ಊಟ ಮೊದಲಾದರೆ ಯಾರೂ ಕೂರೋದಿಲ್ಲ, ಆದ್ದರಿಂದ ಮೊದಲು ಘೋಷಣೆ ಅಂತ ನಾನೇ ಕಾರ್ಯಕ್ರಮದ ಶೀಟಿನಲ್ಲಿ ಬರೆದಿದ್ದೆ.

ಶಾಸಕರು ಹೋದ ಮೇಲೆ ನಮ್ಮ ನಿರೂಪಕಿ ಕರೆ ಕೊಟ್ಟರು. ಒಂದಷ್ಟು ಹೊತ್ತು ಯಾರೂ ಏಳಲಿಲ್ಲ. ಮೊದಲು ಕೈ ಎತ್ತಲು ನಾನು ಹೇಳಿಟ್ಟಿದ್ದ ಟ್ರಸ್ಟಿ ಹೊರಗೆ ಫೋನಿನಲ್ಲಿದ್ದರು. ಆಗ ಹಿಂದಿನ ಟೇಬಲ್ಲಿನಿಂದ ಒಬ್ಬ ಹಿರಿಯರು ಎದ್ದರು. ರವಿವಾರ ಪೇಟೆಯಲ್ಲಿ ಕಾಳಿನ ವ್ಯಾಪಾರ. ತಲೆಗೆ ಗಾಂಧಿ ಟೋಪಿ, ನೆಹರು ಶರ್ಟಿನ ಪಕ್ಕದ ಕಿಸೆ ಉಬ್ಬಿತ್ತು. ನಿಧಾನವಾಗಿ ಮೂರು ಮೆಟ್ಟಿಲು ಹತ್ತಿ ಖಾಕಿ ಲಕೋಟೆ ತೆಗೆದು, 'ನಮ್ಮವ್ವನ ಹೆಸರಿಲೆ, ಐವತ್ತು ಸಾವಿರ' ಅಂದರು. ಚಪ್ಪಾಳೆ ಬಿತ್ತು. ಅವರ ಹಿಂದೆ ಇನ್ನಿಬ್ಬರು ಎದ್ದು ನಿಂತಿದ್ದೂ ಕಾಣಿಸಿತು.

ನಾನು ಏನು ಮಾಡಿದೆ ಗೊತ್ತಾ? ನಿರೂಪಕಿಯ ಕೈಯಿಂದ ಮೈಕ್ ತಗೊಂಡೆ.

ಹಿಂದಿನ ವರ್ಷ ಕ್ಯಾಶ್ ರಸೀದಿ ವಿಷಯಕ್ಕೆ ಆಡಿಟರ್ ನನ್ನನ್ನು ಚೆನ್ನಾಗಿ ಬೈದಿದ್ದರು. ದೇಣಿಗೆ ಕೊಟ್ಟವರ ವಿವರ ತೆರಿಗೆ ಇಲಾಖೆಗೆ ಕೊಡುವ ಟೆನ್ ಬಿಡಿ ಫಾರ್ಮ್ ತುಂಬುವಾಗ ಒಂದು ಪ್ಯಾನ್ ತಪ್ಪಾಗಿ ಮೇ 31ರ ರಾತ್ರಿ ಹನ್ನೊಂದಕ್ಕೆ ಪೋರ್ಟಲ್ ಮುಂದೆ ಅಳುವಂತಾಗಿತ್ತು. ಅದೆಲ್ಲ ತಲೆಯಲ್ಲಿ ಕೂತಿತ್ತು. ಹಾಗಾಗಿ ಇನ್ನೂರು ಜನರ ಮುಂದೆ ನಾನು ಹೇಳಿದ್ದು ಇದು: 'ದಯವಿಟ್ಟು ಎಲ್ಲರೂ ಗಮನಿಸಿ, ಎರಡು ಸಾವಿರಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ಟರೆ 80ಜಿ ತೆರಿಗೆ ರಿಯಾಯಿತಿ ಸಿಗೋದಿಲ್ಲ, ಚೆಕ್ ಅಥವಾ ಯುಪಿಐ ಮಾಡಿದರೆ ಒಳ್ಳೆಯದು.'

ಹಾಲಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಫೋಟೊಗ್ರಾಫರ್ ಮಾತ್ರ ಕ್ಲಿಕ್ ಮಾಡುತ್ತಲೇ ಇದ್ದ. ಹಿರಿಯರು ಲಕೋಟೆ ನೋಡಿದರು, ನನ್ನನ್ನು ನೋಡಿದರು. ಏನೋ ತಪ್ಪು ನೋಟು ಕೊಟ್ಟು ಸಿಕ್ಕಿಬಿದ್ದವರ ಹಾಗೆ ಅವರ ಮುಖ ಸಣ್ಣದಾಯಿತು. 'ಹಂಗಾರ ಬ್ಯಾಡ ಬಿಡ್ರಿ' ಅಂದರು, ಮೆಲ್ಲಗೆ, ಆದರೆ ನನ್ನ ಕೈಯಲ್ಲಿದ್ದ ಮೈಕ್ ಅದನ್ನೂ ಹಾಲಿಗೆಲ್ಲ ಕೇಳಿಸಿತು. ಲಕೋಟೆ ಮತ್ತೆ ಕಿಸೆಗೆ ಹೋಯಿತು. ಹಿಂದೆ ನಿಂತಿದ್ದ ಇಬ್ಬರೂ ಸುಮ್ನೆ ಕೂತರು. ಅವರ ಕಿಸೆಯಲ್ಲೂ ಲಕೋಟೆ ಇದ್ದಿರಬೇಕು.

ತಮಾಷೆ ಏನೆಂದರೆ ನಾನು ಹೇಳಿದ್ದು ಸುಳ್ಳೇನಲ್ಲ. ಅಷ್ಟು ಕ್ಯಾಶ್ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಇಲ್ಲ, ಅಷ್ಟೇ. ಹೆಸರು, ವಿಳಾಸ ಬರೆದು ರಸೀದಿ ಹರಿದು ಆ ದುಡ್ಡು ಟ್ರಸ್ಟ್ ತಗೊಳ್ಳಬಹುದಿತ್ತು, ಬೆಳಿಗ್ಗೆ ಬ್ಯಾಂಕಿಗೆ ಕಟ್ಟಬಹುದಿತ್ತು. ಅದೂ ನನಗೆ ಗೊತ್ತಿತ್ತು! ಇನ್ನೊಂದು, ಆ ವರ್ಷದಿಂದಲೇ ಹೊಸ ತೆರಿಗೆ ಪದ್ಧತಿ ಡೀಫಾಲ್ಟ್ ಆಗಿತ್ತು, ಅಂದರೆ ಹಳೆಯದೇ ಬೇಕು ಅಂತ ಹೇಳದವರೆಲ್ಲ ಅದರಲ್ಲೇ; ಅದರಲ್ಲಿ ಇದ್ದವರಿಗೆ 80ಜಿ ರಿಯಾಯಿತಿಯೇ ಇರಲಿಲ್ಲ. ಅಲ್ಲಿ ಕೂತಿದ್ದ ಸಂಬಳದಾರರಲ್ಲಿ ಎಷ್ಟು ಜನರಿಗೆ ನನ್ನ ಆ ಪ್ರಕಟಣೆಯಿಂದ ಉಪಯೋಗ ಆಗಿತ್ತೋ ದೇವರಿಗೇ ಗೊತ್ತು.

ಸೋಮವಾರ ಅವರ ಅಂಗಡಿಗೆ ಹೋದೆ. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದು, ಮೂರನೇ ಸಲ ಒಳಗೆ ಹೋದೆ. ಕಡಲೆ ಚೀಲದ ಮೇಲೆ ಕೂರಿಸಿ ಚಹಾ ತರಿಸಿದರು. ಕ್ಷಮೆ ಕೇಳಿದೆ. 'ನಾ ಎಲ್ಲಿ ಕೇಳಿದ್ನಿರಿ ಟ್ಯಾಕ್ಸ್?' ಅಂದರು, ಸಿಟ್ಟಿಲ್ಲದೆ. ಆಮೇಲೆ, 'ಶನಿವಾರನ ಮಠದ ದಾಸೋಹಕ್ಕ ಕೊಟ್ಟ ಬಂದ್ಯಾ. ಅಲ್ಲಿ ಏನೂ ಕೇಳ್ಲಿಲ್ಲ' ಅಂದರು. ನಾನು ಚಹಾ ಕುಡಿದು ಎದ್ದು ಬಂದೆ.

ಇನ್ನು ಲೆಕ್ಕ. ಮಾರಿದ್ದು ಹನ್ನೆರಡು ಟೇಬಲ್, ಒಂದಕ್ಕೆ ಇಪ್ಪತ್ತೈದು ಸಾವಿರ, ಅಲ್ಲಿಗೆ ಮೂರು ಲಕ್ಷ. ವೇದಿಕೆ ಮೇಲೆ ಘೋಷಣೆಯಾದದ್ದು 2,40,000, ಮಾರ್ಚ್ ಕೊನೆಗೆ ಕೈಗೆ ಬಂದದ್ದು 90,000. ಖರ್ಚು ಊಟಕ್ಕೆ 1,70,000, ಹಾಲ್ ಬಾಡಿಗೆಗೆ 60,000, ಸೌಂಡು ಮತ್ತು ಎಲ್‌ಇಡಿ ಪರದೆಗೆ 45,000, ಗಾಯಕರಿಗೆ 40,000, ಶಾಲು ಹಾರ ನೆನಪಿನ ಕಾಣಿಕೆಗೆ 22,000, ಕಾರ್ಡು ಬ್ಯಾನರಿಗೆ 18,000. ಉಳಿದದ್ದು 35,000. ನಮ್ಮ ಮೂವರ ಮೂರು ತಿಂಗಳ ಕೆಲಸ ಇದರಲ್ಲಿ ಸೇರಿಲ್ಲ. ಇನ್ನೂರು ತಟ್ಟೆಯಲ್ಲಿ ಎಂಬತ್ತು ಪುಕ್ಕಟೆ, ಹೆಚ್ಚಿನವು ಟ್ರಸ್ಟಿಗಳ ಬೀಗರಿಗೆ. ಮೇಲಿಂದ ಆಡಿಟರ್, 'ಊಟ ಹಾಕಿ ತಗೊಂಡ ದುಡ್ಡಿಗೆ ದೇಣಿಗೆ ಅಂತ ಹೆಂಗ ರಸೀದಿ ಕೊಡ್ತೀರಿ?' ಅಂತ ಟೇಬಲ್ ದುಡ್ಡಿಗೂ ತಗಾದೆ ತೆಗೆದರು. ಆ ಒಂದು ಪ್ರಶ್ನೆಗೆ ಹನ್ನೆರಡು ಜನರಿಗೆ ಫೋನ್ ಮಾಡಿ ಸಮಜಾಯಿಷಿ ಹೇಳಿದ್ದೇನೆ.

ಹಾಗಂತ ಗಾಲಾ ಅಂದರೆ ಕೆಟ್ಟದ್ದೇ ಅನ್ನೋದಿಲ್ಲ. ಒಂದೊಂದು ಟೇಬಲ್ ತುಂಬಿಸುವ ಟ್ರಸ್ಟಿ ತನ್ನ ಹತ್ತು ಜನರನ್ನು ತಾನೇ ಕರೆತಂದು, ಮೊದಲೇ ಮಾತಾಡಿ, ಮೊತ್ತ ಗೊತ್ತು ಮಾಡಿಕೊಂಡು ಬಂದರೆ ಆಗುತ್ತದೆ. ಪುಣೆಯಲ್ಲಿ ಬಹುಶಃ ಹಾಗೆ ಮಾಡಿದ್ದರು. ನಾವು ಎಲ್‌ಇಡಿ ಪರದೆಯನ್ನು ಮಾತ್ರ ನೋಡಿ ಬಂದಿದ್ದೆವು.

ಮೊನ್ನೆ ಮೀಟಿಂಗಿನಲ್ಲಿ ಈ ಲೆಕ್ಕದ ಶೀಟ್ ಇಟ್ಟೆ. ಅರ್ಧ ಗಂಟೆ ಚರ್ಚೆ. ಕೊನೆಗೆ ನಡಾವಳಿಯಲ್ಲಿ ಬರೆದದ್ದು 'ಮುಂದೂಡಲಾಗಿದೆ', ಕೈಬಿಡಲಾಗಿದೆ ಅಂತಲ್ಲ. ಒಬ್ಬೊಬ್ಬ ಟ್ರಸ್ಟಿ ವರ್ಷಕ್ಕೆ ಐದು ಮನೆಗೆ ಪಾವತಿ ಪುಸ್ತಕ ಹಿಡಿದು ಹೋಗಬೇಕು ಅಂತ ನಾನು ಹೇಳಿದ್ದಕ್ಕೆ ಇಬ್ಬರು ಹೂಂ ಅಂದರು, ಒಬ್ಬರು ಮೊಬೈಲ್ ನೋಡಿದರು.

ಆವತ್ತು ಘೋಷಣೆ ಮಾಡಿ ಕೊಡದೆ ಉಳಿದ 1,50,000 ಇದೆಯಲ್ಲ, ಅದರಲ್ಲಿ ಐವತ್ತು ಸಾವಿರ ನಮ್ಮ ಖಜಾಂಚಿಯವರದೇ. ಮೊನ್ನೆ ನನ್ನ ಪಕ್ಕದಲ್ಲೇ ಕೂತಿದ್ದರು, ಎರಡು ಕುಂದಾ ತಿಂದರು. ನಾನು ಕೇಳಲಿಲ್ಲ.